ದಿನದಿನದ ಹಂಚಿಕೆ: ದಂಡುಪ್ರದೇಶದ ವೃದ್ಧಾಶ್ರಯಗಳೂ ಆರೈಕೆಯ ಅಳತೆಯೂ

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವು ಯೆರೂಸಲೇಮಿನ ಸಭೆಯೊಳಗೆ ಎದ್ದ ಒಂದು ದೂರನ್ನು ದಾಖಲಿಸುತ್ತದೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ಕಡೆಗಣಿಸಲ್ಪಡುತ್ತಿದ್ದಾರೆಂಬುದೇ ಆ ದೂರು. ಹನ್ನೆರಡು ಮಂದಿ ಅಪೊಸ್ತಲರು ದೂರಿತ್ತವರನ್ನು ಗದರಿಸಲಿಲ್ಲ. ತಮ್ಮ ಸದುದ್ದೇಶವನ್ನು ಸಾಕ್ಷಿಯಾಗಿ ಮುಂದಿಡಲೂ ಇಲ್ಲ. ಸಭೆಯನ್ನು ಕರೆದು ಏಳು ಮಂದಿಯನ್ನು ನೇಮಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೆಂಬುದು ಗಮನಾರ್ಹ. ವೃದ್ಧರ ಆರೈಕೆಯ ಗುಣಮಟ್ಟವನ್ನು ಅಳೆಯುವುದು ಕೇವಲ ಆಡಳಿತದ ಕೆಲಸವೆಂದು ಭಾವಿಸುವ ನಾವು ಈ ಪ್ರಸಂಗವನ್ನು ಮುಂದಿಟ್ಟುಕೊಂಡು ಬೆಂಗಳೂರಿನ ದಂಡುಪ್ರದೇಶ ಮತ್ತು ಅದರ ಪೂರ್ವಭಾಗದ ಚರಿತ್ರೆಯನ್ನು ಓದಬೇಕಾಗಿದೆ.

ಅಳತೆಯ ಭಾಷೆಯನ್ನು ನಮಗೆ ಒದಗಿಸಿದವರಲ್ಲಿ ಅವೆಡಿಸ್ ಡೊನಬೇಡಿಯನ್ ಪ್ರಮುಖರು. 1919ರಲ್ಲಿ ಬೈರೂತಿನ ಅರ್ಮೇನಿಯನ್ ಕುಟುಂಬವೊಂದರಲ್ಲಿ ಜನಿಸಿದ ಈ ವೈದ್ಯರು 1966ರ ತಮ್ಮ ಪ್ರಬಂಧದಲ್ಲಿ ಆರೈಕೆಯನ್ನು ಮೂರು ನೆಲೆಗಳಲ್ಲಿ ಪರೀಕ್ಷಿಸಬೇಕೆಂದು ತೋರಿಸಿದರು: ವ್ಯವಸ್ಥೆ, ನಡೆಯುವ ಸೇವೆ, ಫಲ. ಕಟ್ಟಡ, ಹಾಸಿಗೆ, ಸಿಬ್ಬಂದಿ ಮೊದಲನೆಯದು. ಅವರು ದಿನನಿತ್ಯ ಏನು ಮಾಡುತ್ತಾರೆಂಬುದು ಎರಡನೆಯದು. ಅದರಿಂದ ರೋಗಿಯ ಸ್ಥಿತಿ ಏನಾಯಿತೆಂಬುದು ಮೂರನೆಯದು. ನಮ್ಮ ನಗರದ ಚರಿತ್ರೆಯಲ್ಲಿ ಈ ಮೂರಕ್ಕೂ ಒಂದೊಂದು ನಿದರ್ಶನವಿದೆ.

ಹತ್ತೊಂಬತ್ತನೆಯ ಶತಮಾನವು ವ್ಯವಸ್ಥೆಯನ್ನು ನಂಬಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರನ್ನು ಹೊತ್ತ, ಇಂದಿನ ಶಿವಾಜಿನಗರದಲ್ಲಿರುವ ಆಸ್ಪತ್ರೆಯನ್ನು ಪ್ಯಾರಿಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ ರೂಪಿಸಲಾಯಿತು. ಗಾಳಿ, ಬೆಳಕು, ವಾರ್ಡುಗಳ ನಡುವಣ ಅಂತರ ಇವೇ ಆ ಕಾಲದ ಮಾನದಂಡಗಳು. ಅವು ಜೀವಗಳನ್ನು ಉಳಿಸಿದವು. ಆದರೆ ಕಿಟಕಿ ಎಷ್ಟೇ ವಿಶಾಲವಾಗಿದ್ದರೂ ಅದರ ಪಕ್ಕದಲ್ಲಿ ಮಲಗಿದ ಮುದುಕಿಗೆ ನೀರು ಕುಡಿಸಿದವರು ಯಾರೆಂಬುದನ್ನು ಅದು ಹೇಳಲಾರದು.

ಎರಡನೆಯ ನೆಲೆಗೆ ನಿದರ್ಶನ ಹೊಸೂರು ರಸ್ತೆಯಲ್ಲಿದೆ. ಫ್ರಾನ್ಸಿನ ಸ್ಯಾಂ ಸರ್ವಾನಿನಲ್ಲಿ 1839ರ ಚಳಿಗಾಲದಲ್ಲಿ ಜಾನ್ ಜುಗಾನ್ ಎಂಬ ದುಡಿಯುವ ಹೆಣ್ಣುಮಗಳು ಕುರುಡಿಯಾದ ವೃದ್ಧೆಯೊಬ್ಬಳನ್ನು ಮನೆಗೆ ತಂದು, ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸಭೆಯು 1882ರಲ್ಲಿ ಕಲ್ಕತ್ತೆಗೂ 1900ರಲ್ಲಿ ಬೆಂಗಳೂರಿಗೂ ಬಂದಿತು. ಈ ಸಹೋದರಿಯರು 1865ರಿಂದಲೇ ಸ್ಥಿರ ಆದಾಯವನ್ನು ನಿರಾಕರಿಸಿ, ಭಿಕ್ಷೆ ಬೇಡಿ ವೃದ್ಧರನ್ನು ಸಾಕುವ ನಿಯಮವನ್ನು ಪಾಲಿಸಿದರು. ಬಡವೃದ್ಧರನ್ನು ಮನೆಯ ಹಿರಿಯರಂತೆ ಕಾಣುವುದೂ ಕೊನೆಯುಸಿರಿನವರೆಗೆ ಬಳಿಯಲ್ಲಿರುವುದೂ ಅವರ ಸೇವೆಯ ತಿರುಳು. 2009ರಲ್ಲಿ ಜಾನ್ ಜುಗಾನ್ ಸಂತಳೆಂದು ಘೋಷಿಸಲ್ಪಟ್ಟಳು. ಆದರೂ ಇಲ್ಲೊಂದು ಎಚ್ಚರಿಕೆಯಿದೆ. ಸೇವಕಿಯ ಪಾವಿತ್ರ್ಯವು ಸೇವೆಯ ಉಗಮವನ್ನು ತಿಳಿಸುತ್ತದೆ. ಅದನ್ನು ಪಡೆದವರ ಅನುಭವವನ್ನು ಅವರಿಂದಲೇ ಕೇಳಬೇಕು.

ಫಲವನ್ನು ಕೇಳುವ ಕಾಲ ಇತ್ತೀಚಿನದು. ಹಳೆಯ ವಿಮಾನ ನಿಲ್ದಾಣ ರಸ್ತೆಯಾಚೆ ಮಾರತಹಳ್ಳಿಯ ಬಳಿ 1999ರಲ್ಲಿ ತೆರೆದ ಕರುಣಾಶ್ರಯವು, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಆರೈಕೆ ಮಾಡುತ್ತಿದೆ. ಅಲ್ಲಿ ಗುಣಮುಖರಾದವರ ಸಂಖ್ಯೆ ಅಳತೆಗೋಲಾಗಲಾರದು. ನೋವು ಎಷ್ಟು ತಗ್ಗಿತೆಂಬುದೇ ಅಳತೆ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ ಕೇಂದ್ರವು ಮರೆವಿನ ಕಾಯಿಲೆಗೆ ತುತ್ತಾದವರನ್ನು ನೋಡಿಕೊಳ್ಳುತ್ತದೆ. ತನಗೇನಾಯಿತೆಂದು ಹೇಳಲಾಗದವರ ಆರೈಕೆಯನ್ನು ದೇಹದ ಗುರುತುಗಳಿಂದಲೇ ತಿಳಿಯಬೇಕು: ಹಾಸಿಗೆ ಹುಣ್ಣು, ಇಳಿದ ತೂಕ, ಬಿದ್ದ ಗಾಯ, ಒಣಗಿದ ನಾಲಿಗೆ.

ಕಾನೂನು ಇವನ್ನೆಲ್ಲ ಕೇಳುವುದೇ? ನಮ್ಮ ಬಳಕೆಯಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಅದಕ್ಕೆ ಅನ್ವಯಿಸುತ್ತದೆ. ವೃದ್ಧಾಶ್ರಮದ ವಿಷಯ ಬೇರೆ. ಅದೇ ವರ್ಷದ ಹಿರಿಯ ನಾಗರಿಕರ ಕೇಂದ್ರ ಕಾಯಿದೆಯು ಪ್ರತಿ ಜಿಲ್ಲೆಗೂ ಕನಿಷ್ಠ 150 ನಿರ್ಗತಿಕ ವೃದ್ಧರಿಗಾಗುವಷ್ಟು ಆಶ್ರಯವನ್ನು ರಾಜ್ಯ ಸರ್ಕಾರವು ಸ್ಥಾಪಿಸಬಹುದೆಂದೂ ಅದರ ಮಾನದಂಡಗಳನ್ನು ನಿಗದಿಪಡಿಸಬಹುದೆಂದೂ ಹೇಳುತ್ತದೆ. ‘ಬಹುದು’ ಎಂಬ ಪದ ಹಗುರವಾದುದು. ಅಮೆರಿಕದಲ್ಲಿ 1986ರ ತಜ್ಞರ ವರದಿಯೊಂದರ ಬೆನ್ನಲ್ಲೇ 1987ರಲ್ಲಿ ಬಂದ ಶಾಸನವು ವೃದ್ಧರನ್ನು ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದನ್ನೂ ಮದ್ದು ಕೊಟ್ಟು ಮಂಕಾಗಿಸುವುದನ್ನೂ ನಿಷೇಧಿಸಿತು. ಮುಪ್ಪಿನಲ್ಲಿ ಬೇರೊಬ್ಬನು ತನ್ನ ನಡುಕಟ್ಟಿ ಇಷ್ಟವಿಲ್ಲದೆಡೆಗೆ ಒಯ್ಯುವನೆಂದು ಪೇತ್ರನು ಕೇಳಿಸಿಕೊಂಡ ಮಾತು ಹುತಾತ್ಮತೆಯ ಸೂಚನೆಯಾಗಿತ್ತು. ಅದನ್ನು ಆಶ್ರಮದ ದಿನಚರಿಯಾಗಿಸಲು ನಮಗೆ ಹಕ್ಕಿಲ್ಲ.

ಇಲ್ಲಿ ಯೆರೂಸಲೇಮಿನ ದೂರು ಮತ್ತೆ ನಮ್ಮೆದುರು ನಿಲ್ಲುತ್ತದೆ. ಕಡೆಗಣಿಸಲ್ಪಟ್ಟವರು ಬೇರೆ ಭಾಷೆಯವರಾಗಿದ್ದರು. ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ಹಾದು ಕೃಷ್ಣರಾಜಪುರದವರೆಗೆ ತಮಿಳು, ಕನ್ನಡ, ದಖನಿ ಉರ್ದು, ತೆಲುಗು, ಆಂಗ್ಲೋ-ಇಂಡಿಯನ್ನರ ಇಂಗ್ಲಿಷು ಒಂದೇ ಬೀದಿಯಲ್ಲಿ ಬಾಳುತ್ತಿವೆ. ಆರೈಕೆಗೆ ನಿಂತ ಕಿರಿಯರಲ್ಲಿ ಅನೇಕರು ದೂರದ ರಾಜ್ಯಗಳಿಂದ ಬಂದವರು. ಕಲಿತ ಭಾಷೆಗಳೆಲ್ಲ ಮರೆವಿಗೆ ಸಂದು ತಾಯ್ನುಡಿಯೊಂದೇ ಉಳಿದ ವೃದ್ಧೆಯು ನಡುರಾತ್ರಿ ನೋವೆಂದು ಕೂಗಿದರೆ ಅದು ಯಾರಿಗೆ ಅರ್ಥವಾದೀತು? ಹಾಸಿಗೆಗಳ ಎಣಿಕೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ.

ಆದುದರಿಂದ ನಮ್ಮ ಸಭೆಗಳು ನಡೆಸುವ ಅಥವಾ ಪೋಷಿಸುವ ಆಶ್ರಯಗಳ ಬಗೆಗೆ ನಾಲ್ಕು ಪ್ರಶ್ನೆಗಳನ್ನಾದರೂ ಕೇಳತಕ್ಕದ್ದು. ರಾತ್ರಿಯ ಪಾಳಿಯಲ್ಲಿ ಎಷ್ಟು ಮಂದಿಗೆ ಒಬ್ಬ ದಾದಿ? ಏಳಲಾರದವರ ಮಗ್ಗುಲನ್ನು ಎಷ್ಟು ಹೊತ್ತಿಗೊಮ್ಮೆ ಬದಲಿಸಲಾಗುತ್ತದೆ? ಕಳೆದ ತಿಂಗಳಿಗಿಂತ ಯಾರ ತೂಕ ಇಳಿದಿದೆ? ನಿವಾಸಿಯ ದೂರನ್ನು ಅವರ ನುಡಿಯಲ್ಲಿ ಕೇಳುವವರು, ಆಡಳಿತಕ್ಕೆ ಅಧೀನರಲ್ಲದವರು, ಇದ್ದಾರೆಯೇ? ಕ್ರಿಸ್ಮಸ್ ಹಬ್ಬದಂದು ಹಣ್ಣು ಹಂಚಿ ಬರುವವರಿಗೆ ಇವುಗಳ ಉತ್ತರ ತಿಳಿಯದು. ತಿಂಗಳಿಗೊಮ್ಮೆ, ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿಗೋ ಸಂಜೆಯ ಹೊತ್ತಿಗೋ ಹೋಗುವವರಿಗೆ ತಿಳಿದೀತು.

ಇಂಥ ಲೆಕ್ಕ ಪ್ರೀತಿಯನ್ನು ಬತ್ತಿಸುವುದೆಂದು ಆಕ್ಷೇಪಿಸುವವರಿದ್ದಾರೆ. 2000ದಲ್ಲಿ ತೀರಿಕೊಂಡ ಡೊನಬೇಡಿಯನ್ನರು ತಮ್ಮ ಕೊನೆಯ ದಿನಗಳಲ್ಲಿ, ಸ್ವತಃ ರೋಗಿಯಾಗಿ, ಗುಣಮಟ್ಟದ ಗುಟ್ಟು ಪ್ರೀತಿಯೇ ಎಂದು ಅಭಿಪ್ರಾಯಪಟ್ಟರು. ಆದರೆ ಆ ಪ್ರೀತಿಯಿಂದ ಹೊರಟು ವ್ಯವಸ್ಥೆಯನ್ನು ಪರಿಶೀಲಿಸಿ ತಿದ್ದುವುದನ್ನೂ ಅದರೊಡನೆ ಸೇರಿಸಿಯೇ ಹೇಳಿದರು. ಆದಿಸಭೆ ಮಾಡಿದ್ದೂ ಅದನ್ನೇ. ಅಲ್ಲಿ ಹಂಚಿಕೆಯ ಹೊಣೆ ಹೊತ್ತವರು ಆತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕೆಂದು ವಿಧಿಸಲಾಯಿತು. ವಿಧವೆಯರ ತಟ್ಟೆಯನ್ನು ಇಣುಕಿ ನೋಡುವುದಕ್ಕೆ ಅಷ್ಟು ದೊಡ್ಡ ಅರ್ಹತೆ ಬೇಕೆಂದು ಆ ಸಭೆ ಬಗೆದಿತ್ತು.