ಪಠ್ಯಪುಸ್ತಕದ ಒಳಗಿಟ್ಟು ಓದಿದ ಕಾದಂಬರಿಗಳು

ಎನ್. ನರಸಿಂಹಯ್ಯ ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. 1950ರ ದಶಕದಲ್ಲಿ ‘ಪತ್ತೇದಾರ ಪುರುಷೋತ್ತಮ’ನಿಂದ ಶುರುವಾದ ಆ ಸಾಲಿನಲ್ಲಿ ಮಧುಸೂದನ, ಅರಿಂಜಯ ಮುಂತಾದ ಪತ್ತೇದಾರರು ಒಬ್ಬರ ಹಿಂದೊಬ್ಬರು ಬಂದರು. ನರಸಿಂಹಯ್ಯನವರು ಮಕ್ಕಳಿಗೆಂದು ಬರೆದವರಲ್ಲ. ಆದರೂ ಹೈಸ್ಕೂಲಿನ ಹುಡುಗರು ಸಮಾಜ ಪಾಠದ ಪುಸ್ತಕದೊಳಗಿಟ್ಟು ಓದಿದ್ದು ಅವರನ್ನೇ. ಚಿಕ್ಕ ವಾಕ್ಯ, ಮುಗಿಯುವ ಹೊತ್ತಿಗೆ ಮುಂದಿನದಕ್ಕೆ ದೂಡುವ ಅಧ್ಯಾಯ, ನಿಘಂಟು ಬೇಡದ ಕನ್ನಡ. ಓದುಗರ ಕೊನೆಯಿಲ್ಲದ ಸಾಲೊಂದನ್ನು ತಯಾರು ಮಾಡಿಕೊಟ್ಟ ಈ ಲೇಖಕರನ್ನು ಸಾಹಿತ್ಯ ಚರಿತ್ರೆಗಳು ಬಹುಕಾಲ ಹೊರಗೇ ನಿಲ್ಲಿಸಿದ್ದು ನ್ಯಾಯವಲ್ಲ.

ಹತ್ತರಿಂದ ಹದಿನಾರು ವರ್ಷದವರಿಗೆ ಯಾವ ಕನ್ನಡ ಕಾದಂಬರಿ ಕೊಡಬೇಕು ಎಂಬ ಪ್ರಶ್ನೆಯನ್ನು ನರಸಿಂಹಯ್ಯನವರಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಈ ವಯಸ್ಸಿನವರ ಓದು ಬೆಳೆದದ್ದು ದೊಡ್ಡವರ ಕಪಾಟಿನಿಂದ ಎತ್ತಿಕೊಂಡ ಪುಸ್ತಕಗಳ ಮೇಲೆ. ಅವರದೇ ಕಪಾಟು ತುಂಬಲು ಶುರುವಾದದ್ದು ತೀರಾ ಈಚೆಗೆ.

ಅದಕ್ಕೂ ಹಿಂದೆ ಮಕ್ಕಳ ಸಾಹಿತ್ಯವೆಂದರೆ ಮುಖ್ಯವಾಗಿ ಪದ್ಯ, ಸಣ್ಣ ಕತೆ, ನಾಟಕ. ಪಂಜೆ ಮಂಗೇಶರಾಯರು, ಹೊಯ್ಸಳ, ಜಿ.ಪಿ. ರಾಜರತ್ನಂ, ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯ ಕುವೆಂಪು: ಎಂಟು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಐಶ್ವರ್ಯ ಬೇರೆ ಭಾಷೆಗಳಲ್ಲೂ ಅಪರೂಪ. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಮಕ್ಕಳ ಕೂಟ ಹಾಡು, ಆಟ, ನಾಟಕಗಳಿಗೆ ನೆಲೆ ಕೊಟ್ಟಿತು. ತೊಡಕು ಬಂದದ್ದು ಮಗುವಿಗೆ ಹನ್ನೆರಡು ತುಂಬಿದಾಗ. ಕಿಂದರಿಜೋಗಿಯನ್ನು ಬಾಯಿಪಾಠ ಮಾಡಿದ ಹುಡುಗಿಗೆ ಮುಂದಿನ ಮೆಟ್ಟಿಲೇ ಇರಲಿಲ್ಲ. ನೇರ ಅನಕೃ, ತ್ರಿವೇಣಿಯವರ ಅಂಗಳಕ್ಕೆ ಜಿಗಿಯಬೇಕಿತ್ತು. ಬಂಗಾಳದಲ್ಲಿ ಹೀಗಾಗಲಿಲ್ಲ. ಸತ್ಯಜಿತ್ ರಾಯ್ 1965ರಲ್ಲಿ ‘ಸಂದೇಶ್’ ಪತ್ರಿಕೆಯಲ್ಲಿ ಫೆಲೂದಾನನ್ನು ಹುಟ್ಟಿಸಿದ್ದು ಹದಿಹರೆಯದ ಓದುಗರಿಗಾಗಿಯೇ. ಅಂಥ ದೊಡ್ಡ ಹೆಸರೊಂದು ಮಕ್ಕಳಿಗೆ ಪತ್ತೇದಾರಿ ಬರೆದಾಗ ಆ ಪ್ರಕಾರಕ್ಕೆ ಬರುವ ಮರ್ಯಾದೆಯೇ ಬೇರೆ.

ನಡುವಿನ ಜಾಗವನ್ನು ಅಷ್ಟಿಷ್ಟು ತುಂಬಿದ್ದು ಹೊರಗಿನಿಂದ ಬಂದ ಕತೆಗಳು. ನಾ. ಕಸ್ತೂರಿ ‘ಆಲಿಸ್’ಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಇಳಿಸಿದರು. 1949ರಿಂದ ಮದರಾಸಿನಿಂದ ಕನ್ನಡದಲ್ಲೂ ಬರತೊಡಗಿದ ‘ಚಂದಮಾಮ’ ತನ್ನ ಧಾರಾವಾಹಿಗಳಿಂದ ತಿಂಗಳಿಡೀ ಕಾಯುವುದನ್ನು ಕಲಿಸಿತು. ‘ಅಮರ ಚಿತ್ರ ಕಥೆ’ಯ ಬೇರು ಕೂಡ ಬೆಂಗಳೂರಿನದು. 1965ರಲ್ಲಿ ಇಲ್ಲಿನ ಪ್ರಕಾಶನ ಸಂಸ್ಥೆ ಐಬಿಎಚ್‌ನ ಜಿ.ಕೆ. ಅನಂತರಾಂ ಅವರ ಮುತುವರ್ಜಿಯಿಂದ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಿನ್ನರ ಕತೆಗಳಾಗಿ ಕನ್ನಡದಲ್ಲೇ ಬಂದವು. ಅನಂತ ಪೈ ಅವರ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಸಿಕ್ಕಿದ್ದು ಅದಕ್ಕೇ.

ಹಳೆಯ ಬೆಂಗಳೂರಿನ ಓದನ್ನು ಸಾಕಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಒಂದೇ ಮಳಿಗೆಯ ಈ ಬಾಡಿಗೆ ಗ್ರಂಥಾಲಯಗಳಿಂದ ಅಮ್ಮನಿಗೆಂದು ತಂದ ಪುಸ್ತಕ ಹಿಂತಿರುಗುವ ಮೊದಲು ಮಕ್ಕಳ ಕೈ ದಾಟಿಯೇ ಹೋಗುತ್ತಿತ್ತು. ಹುಡುಗರಿಗೆ ಟಿ.ಕೆ. ರಾಮರಾವ್, ಮ. ರಾಮಮೂರ್ತಿ (ಕನ್ನಡ ಬಾವುಟ ಕೊಟ್ಟ ಹೋರಾಟಗಾರರೂ ಪತ್ತೇದಾರಿ ಕಾದಂಬರಿಕಾರರೂ ಒಬ್ಬರೇ ಎಂಬುದು ಇಂದಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ). ಹುಡುಗಿಯರಿಗೆ ತ್ರಿವೇಣಿ, ಉಷಾ ನವರತ್ನರಾಂ. ಈ ಗೆರೆಯನ್ನು ಮಕ್ಕಳು ಸದ್ದಿಲ್ಲದೆ ದಾಟುತ್ತಲೇ ಇದ್ದರು. ಮಕ್ಕಳೇ ನಾಯಕರಾಗುವ ಸಾಹಸಕ್ಕೆ ಬೇಡಿಕೆಯಿದೆ ಎಂದು ಪ್ರಕಾಶಕರಿಗಿಂತ ಮೊದಲು ಅರಿತದ್ದು ಸಿನಿಮಾ: 1977ರಲ್ಲಿ ‘ನಾಗರಹೊಳೆ’, 1979ರಲ್ಲಿ ‘ಪುಟಾಣಿ ಏಜೆಂಟ್ 123’.

ಆಮೇಲೆ ಬಂದದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರಲ್ಲಿ. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ಹಾವಿನ ಎಂಗ್ಟ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ: ಇಂಥ ತಂಡ ಕಟ್ಟಿಕೊಂಡು ಹಾರುವ ಓತಿಯೊಂದನ್ನು ಹುಡುಕಿ ಕಾಡಿಗೆ ಹೊರಡುವ ಕತೆ. ವಿಮರ್ಶಕರು ಇದರಲ್ಲಿ ಕಾಲ, ವಿಕಾಸಗಳ ತತ್ವ ಕಂಡರು; ಕಂಡದ್ದು ಸರಿಯೇ. ಹದಿಮೂರರ ಓದುಗನಿಗೆ ಮಾತ್ರ ಓತಿ ಸಿಗುತ್ತದೋ ಇಲ್ಲವೋ ಎಂಬುದೊಂದೇ ಉಸಿರು ಹಿಡಿಸುವ ವಿಷಯ. ಎರಡೂ ಓದನ್ನು ಒಂದೇ ಪುಸ್ತಕ ತಾಳಿಕೊಳ್ಳುತ್ತದೆ. ಕನ್ನಡದ ಹದಿಹರೆಯದವರಿಗೆ ಒಂದೇ ಕಾದಂಬರಿ ಹೇಳಿ ಎಂದರೆ ಉತ್ತರಕ್ಕಾಗಿ ತಡಕಾಡಬೇಕಿಲ್ಲ.

1994ರ ‘ಜುಗಾರಿ ಕ್ರಾಸ್’ ಇನ್ನೂ ವೇಗದ್ದು. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿ ಒಂದು ಹಗಲು ರಾತ್ರಿಯೊಳಗೆ ಕಳ್ಳಸಾಗಣೆ, ಕೆಂಪು ಕಲ್ಲು, ಹಳೆಗನ್ನಡದ ಗ್ರಂಥವೊಂದರ ಒಗಟುಗಳ ನಡುವೆ ಸಿಕ್ಕಿಬೀಳುತ್ತಾರೆ. ಹಳೆಗನ್ನಡವೆಂದರೆ ಮುಖ ತಿರುಗಿಸುವ ಹತ್ತನೇ ತರಗತಿಯ ವಿದ್ಯಾರ್ಥಿ ಇಲ್ಲಿ ಅದನ್ನು ಬಿಡಿಸಲು ತಾನೇ ಕೂರುತ್ತಾನೆ.

ತೇಜಸ್ವಿ ಇನ್ನೊಂದು ಉಪಕಾರವನ್ನೂ ಮಾಡಿದರು. ಬೆಂಗಳೂರಿನವರೇ ಆಗಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ ಅವರ ಅನುಭವಗಳನ್ನು ‘ಕಾಡಿನ ಕತೆಗಳು’ ಮಾಲೆಯಾಗಿ ಕನ್ನಡಿಸಿದರು. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಓದುವ ಮಾವಳ್ಳಿಯ ಮಗುವಿಗೆ ಆ ಎರಡೂ ಊರು ಬಸ್ಸಿನ ಫಲಕದಲ್ಲಿ ಕಾಣುವ ಹೆಸರುಗಳು. ಈಗ ಮನೆಗಳು ತುಂಬಿರುವಲ್ಲಿ ಚಿರತೆ ಓಡಾಡಿತ್ತು ಎಂದು ತಿಳಿಯುವುದೇ ಒಂದು ರೋಮಾಂಚನ. ಇವು ಕಾದಂಬರಿಗಳಲ್ಲ ನಿಜ, ಆದರೆ ದಪ್ಪ ಪುಸ್ತಕಕ್ಕೆ ಹೆದರುವ ಹನ್ನೊಂದರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ಇಲ್ಲ. ಅಲ್ಲಿಂದ ‘ಮಹಾಪಲಾಯನ’, ‘ಪ್ಯಾಪಿಲಾನ್’ನಂಥ ಸಾಹಸದ ಪುಸ್ತಕಗಳಿಗೆ ಹೋಗುವುದು ಸಲೀಸು.

ವೈಜ್ಞಾನಿಕ ಕಾದಂಬರಿಯಲ್ಲಿ ರಾಜಶೇಖರ ಭೂಸನೂರಮಠರು ದಾರಿ ಮಾಡಿದರು. ಹಿಂದೆ ಬಂದವರು ಕಡಿಮೆ. ಇತಿಹಾಸದ ರಹಸ್ಯಗಳನ್ನು ಬೆನ್ನಟ್ಟುವ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಮಾತ್ರ ಕಾಲೇಜು ಹುಡುಗರ ದೊಡ್ಡ ಗುಂಪನ್ನೇ ಗೆದ್ದರು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಎಂಬ ಚರ್ಚೆಯನ್ನು ‘ಕನಕ ಮುಸುಕು’ ಥ್ರಿಲ್ಲರ್ ಮಾಡಿತು. ಅದನ್ನು ಓದಿ ಸೋಮನಾಥಪುರಕ್ಕೆ ಹೋದವರು ಗೈಡ್ ತೋರಿಸುವ ಮೊದಲೇ ವಿಗ್ರಹದ ಕೈ ನೋಡುತ್ತಾರೆ.

ಮಕ್ಕಳಿಗೆಂದೇ ಬರೆದ ಕಾದಂಬರಿಗೆ ಗಟ್ಟಿ ನೆಲ ಸಿಕ್ಕಿದ್ದು 2010ರ ನಂತರ. ಆ ವರ್ಷ ಶುರುವಾದ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ ಮೊದಲು ಸಂದದ್ದು ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಗೆ. ಮರುವರ್ಷ ಶರಾವತಿ ಮುಳುಗಡೆಯ ನೋವನ್ನು ಬದುಕಿಡೀ ಬರೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಮುಂದೆ ಸಾಲಾಗಿ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಧಾರವಾಡ, ಸಿದ್ದಾಪುರ, ಕುಂದಾಪುರದ ಕಡೆಯ ಈ ಲೇಖಕರಲ್ಲಿ ಶಾಲಾ ಶಿಕ್ಷಕರಿದ್ದಾರೆ. ಮಕ್ಕಳು ಹೇಗೆ ಮಾತಾಡುತ್ತಾರೆ ಎಂದು ಊಹಿಸುವ ಕಷ್ಟ ಅವರಿಗಿಲ್ಲ.

ಆದರೂ ಸಾಲದ್ದು ಬಹಳವಿದೆ. ಹೊಸ ಮಕ್ಕಳ ಕಾದಂಬರಿ ಹೆಚ್ಚಾಗಿ ಹಳ್ಳಿ, ಕಾಡು, ಹೊಳೆಗಳದ್ದು, ಹೆಚ್ಚೆಂದರೆ ಹನ್ನೆರಡು ವರ್ಷದವರೆಗಿನದು. ಮೆಟ್ರೋದಲ್ಲಿ ಶಾಲೆಗೆ ಹೋಗುವ, ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ, ಮೊದಲ ಬಾರಿ ಪ್ರೀತಿಗೆ ಬೀಳುವ ಹದಿನೈದರ ಹುಡುಗಿಗೆ ಕನ್ನಡ ಕಾದಂಬರಿ ಇನ್ನೂ ಹತ್ತಿರ ಬಂದಿಲ್ಲ. ನಗೆಯಂತೂ ವಿರಳ. ಆರ್.ಕೆ. ನಾರಾಯಣ್ 1930ರಲ್ಲಿ ಬೆಂಗಳೂರಿನಲ್ಲೇ ಕೂತು ಕ್ರಿಕೆಟ್, ಪರೀಕ್ಷೆ, ಹೆಡ್‌ಮಾಸ್ತರರ ಬೆತ್ತಗಳ ಸ್ವಾಮಿಯನ್ನು ಇಂಗ್ಲಿಷಿನಲ್ಲಿ ಬರೆಯಲು ತೊಡಗಿದರು. ಅಂಥ ಹುಡುಗ ಈ ಬೀದಿಗಳ ಕನ್ನಡದಲ್ಲೂ ಹುಟ್ಟಬೇಕಿತ್ತು.

ಈ ಬೇಸಿಗೆ ರಜೆಗೆ ಪುಸ್ತಕ ಆರಿಸುವವರು ಹೀಗೆ ಹೊರಡಬಹುದು. ಹತ್ತು ಹನ್ನೊಂದಕ್ಕೆ ‘ಬಾವಲಿ ಗುಹೆ’, ‘ಓಡಿ ಹೋದ ಹುಡುಗ’ ಅಥವಾ ‘ಕಾಡಿನ ಕತೆಗಳು’. ಹನ್ನೆರಡು ಹದಿಮೂರಕ್ಕೆ ‘ಕರ್ವಾಲೊ’, ತಕ್ಷಣ ‘ಜುಗಾರಿ ಕ್ರಾಸ್’. ಹದಿನೈದಕ್ಕೆ ‘ಕನಕ ಮುಸುಕು’; ಮನಸ್ಸಿನ ಒಳಗಿನ ಭಯ ಇಷ್ಟವಾಗುವವರಿಗೆ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ಹದಿನಾರಕ್ಕೆ ಕಾಯ್ದಿಡುವುದು ಮೇಲು. ವಿಜ್ಞಾನಿ ಜೋಗಿಹಾಳರ ಸಾವಿನ ಪತ್ತೇದಾರಿಯಾಗಿ ಶುರುವಾಗುವ ಅದು ಕೆಸರೂರಿನ ಜಾತಿ, ಧರ್ಮಗಳ ಬೆಂಕಿಯೊಳಗೆ ಓದುಗರನ್ನು ಕರೆದೊಯ್ಯುತ್ತದೆ. ಓದಿ ಮುಗಿಸಿದ ಮಗುವಿನ ಜೊತೆ ಕೂತು ಮಾತಾಡಲು ಮನೆಯಲ್ಲಿ ಒಬ್ಬರಾದರೂ ಅದನ್ನು ಓದಿರಬೇಕು.