ಬಿಡಿಭಾಗಗಳಿಂದ ಕಟ್ಟಿದ ಬೈಸಿಕಲ್ಲು: ಕುಂದಾಪುರ ಸೀಮೆಯ ಚರಿತ್ರೆಗೊಂದು ಆಕರ

1

ಬಾರಕೂರಿನ ಗುಡಿಗಳನ್ನು ಸಾವಕಾಶವಾಗಿ ನೋಡಿದ ಚರಿತ್ರೆಯ ವಿದ್ಯಾರ್ಥಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಒಂದು ಗುಡಿಗೆ ಒಂದೇ ವಯಸ್ಸೆಂಬುದಿಲ್ಲ. ಅಧಿಷ್ಠಾನವು ಒಂದು ಕಾಲದ್ದು, ಕಂಬಗಳು ಮತ್ತೊಂದು ಕಾಲದವು, ಮಾಡಿನ ಹಂಚು ನಮ್ಮ ಅಜ್ಜಂದಿರ ಕಾಲದ್ದಾಗಿರಬಹುದು. ಜೀರ್ಣೋದ್ಧಾರವೆಂಬ ಶಬ್ದದಲ್ಲಿ ನಮ್ಮ ಜನ ಈ ತಿಳಿವಳಿಕೆಯನ್ನು ಬಹುಕಾಲದಿಂದ ಇರಿಸಿಕೊಂಡು ಬಂದಿದ್ದಾರೆ. ಪಾದೂರು ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ತುಳುನಾಡಿನ ಇತಿಹಾಸ ಸಂಸ್ಕೃತಿಗಳ ಬೃಹದ್ಗ್ರಂಥವು ನಿಂತಿರುವುದು ಸ್ಥಳಕ್ಕೆ ಹೋಗಿ, ಕಲ್ಲನ್ನೂ ವಿಗ್ರಹವನ್ನೂ ಕಣ್ಣಾರೆ ಕಂಡು, ಭಾಗಭಾಗವಾಗಿ ಕಾಲನಿರ್ಣಯ ಮಾಡುವ ಕ್ರಮದ ಮೇಲೆ. ಅದೇ ಕ್ರಮವನ್ನು ನಾವು ಈ ಲೇಖನದಲ್ಲಿ, ವಿದ್ವಾಂಸರ ಲಕ್ಷ್ಯಕ್ಕೆ ಅಷ್ಟಾಗಿ ಬಾರದ ಒಂದು ವಸ್ತುವಿಗೆ, ಎಂದರೆ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಹಳೆಯ ಸೈಕಲ್ಲಿಗೆ ಅನ್ವಯಿಸಿ ನೋಡಲು ಯತ್ನಿಸುತ್ತೇವೆ.

ನಮ್ಮ ಪ್ರತಿಪಾದನೆ ಇಷ್ಟೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಓಡಿದ ಸೈಕಲ್ಲು ಕಾರ್ಖಾನೆಯಲ್ಲಿ ಒಮ್ಮೆ ತಯಾರಾಗಿ ಮುಗಿದ ವಸ್ತುವಲ್ಲ. ಅದು ಇಲ್ಲಿನ ಮನೆಯಂಗಳದಲ್ಲಿ, ಸೈಕಲ್ ಶಾಪಿನಲ್ಲಿ, ಕಮ್ಮಾರನ ಕುಲುಮೆಯಲ್ಲಿ ಮತ್ತೆಮತ್ತೆ ಕಟ್ಟಲ್ಪಟ್ಟುದು. ಆದುದರಿಂದ ಆಮದಿನ ಪಟ್ಟಿಗಳಿಂದಲೂ ಕಾರ್ಖಾನೆಗಳ ವರದಿಗಳಿಂದಲೂ ಮಾತ್ರ ಅದರ ಚರಿತ್ರೆಯನ್ನು ಬರೆಯಲಾಗದು. ಆ ಚರಿತ್ರೆಯ ಮುಖ್ಯ ದಾಖಲೆ ಸೈಕಲ್ಲೇ ಆಗಿದೆ. ಆ ದಾಖಲೆಯು ಈಗ ಗುಜರಿಗೆ ಹೋಗುತ್ತಿದೆ.

2

ಮನೆಯಲ್ಲಿ ಸೈಕಲ್ಲನ್ನು ಕಟ್ಟುವುದು ಸಾಧ್ಯವಾದುದಾದರೂ ಹೇಗೆ? ಇದಕ್ಕೆ ಉತ್ತರವು ಆ ಯಂತ್ರದ ಹುಟ್ಟಿನಲ್ಲೇ ಇದೆ. ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು 1885ರಲ್ಲಿ ‘ರೋವರ್’ ಸೈಕಲ್ಲನ್ನು ಹೊರತಂದುದರಿಂದ ಎರಡು ಸಮಾನ ಗಾಲಿಗಳ, ಹಿಂಗಾಲಿಗೆ ಚೈನಿರುವ ರೂಪವು ನೆಲೆಗೊಂಡಿತು. 1888ರಲ್ಲಿ ಬೆಲ್ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ಬಳಕೆಗೆ ತಂದನು. ಆದರೆ ನಮ್ಮ ವಿಷಯಕ್ಕೆ ಇವೆರಡಕ್ಕಿಂತಲೂ ಹೆಚ್ಚು ಪ್ರಕೃತವಾದುದು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಸಂಸ್ಥೆಯ ನಡೆ. 1861ರಲ್ಲಿ ಬಂದೂಕು ತಯಾರಿಸಲೆಂದು ಸ್ಥಾಪಿತವಾದ ಈ ಸಂಸ್ಥೆಯು 1890ರ ದಶಕದಿಂದ ಹಬ್ಬು ಮೊದಲಾದ ಬಿಡಿಭಾಗಗಳನ್ನು ತಯಾರಿಸಿ ಇತರರಿಗೆ ಮಾರತೊಡಗಿತು. ಅವನ್ನು ಕೊಂಡು, ಕೊಳವೆಗಳನ್ನು ಸೇರಿಸಿ, ತಮ್ಮ ಹೆಸರು ಬರೆದು ಮಾರಿದ ಸಣ್ಣ ಕಸುಬುದಾರರು ಇಂಗ್ಲೆಂಡಿನ ಊರೂರಿನಲ್ಲಿಯೂ ಇದ್ದರು. ಬಿಡಿಭಾಗಗಳನ್ನು ಕೂಡಿಸಿ ಸೈಕಲ್ಲು ಕಟ್ಟುವುದು ಬಡ ನಾಡಿನವರು ಕಂಡುಕೊಂಡ ಅಡ್ಡದಾರಿಯೆಂಬ ಭಾವನೆಗೆ ಇದರಿಂದ ಆಧಾರವಿಲ್ಲದಾಗುತ್ತದೆ. ಅದು ಈ ಯಂತ್ರದ ಮೂಲ ಪದ್ಧತಿಯೇ ಆಗಿತ್ತು.

ಎರಡನೆಯ ಕಾರಣವು ಅಳತೆಗಳ ಏಕರೂಪತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬ್ರಿಟಿಷ್ ಸೈಕಲ್ಲಿನ ತಿರುಪುಗಳಿಗೆ ಗೊತ್ತಾದ ಅಳತೆ ಬಂದಿತು. ಎಡ ಪೆಡಲಿನ ತಿರುಪು ಎಡಮುರಿಯಾಗಿಯೇ ಇರಬೇಕು. ಚೈನಿನ ಗೆಣ್ಣಿನಿಂದ ಗೆಣ್ಣಿಗೆ ಅರ್ಧ ಅಂಗುಲ. ದೊಡ್ಡ ಸೈಕಲ್ಲಿನ ಗಾಲಿಗೆ 28 ಅಂಗುಲ. ಮುಂಗಾಲಿಗೆ 32 ಕಡ್ಡಿ, ಹಿಂಗಾಲಿಗೆ 40. ಭಾರತದ ಪೇಟೆಗಾಗಿ ಮಾಲು ಕಳುಹಿಸಿದ ಅನ್ಯ ದೇಶದವರೂ, ಮುಂದೆ ನಮ್ಮ ಕಾರ್ಖಾನೆಗಳೂ ಬಹುಮಟ್ಟಿಗೆ ಇದೇ ಮಾದರಿಯನ್ನು ಅನುಸರಿಸಿದುವು. 1956ರಲ್ಲಿ ತೂಕ ಅಳತೆಗಳ ಶಾಸನವಾಗಿ ದೇಶವು ಮೆಟ್ರಿಕ್ ಪದ್ಧತಿಗೆ ತಿರುಗಿದ ಮೇಲೂ ಸೈಕಲ್ಲು ಅಂಗುಲದಲ್ಲಿಯೇ ಉಳಿಯಿತು. ಅಜ್ಜನ ಸೈಕಲ್ಲಿನ ಚೌಕಟ್ಟಿಗೆ ಮೊಮ್ಮಗನು ತಂದ ಪೆಡಲು ಹಿಡಿಯುವುದಕ್ಕೆ ಈ ಸಂಪ್ರದಾಯಶೀಲತೆಯೇ ಕಾರಣ.

ಮೂರನೆಯದು ಬೆಸುಗೆಯ ಸಂಗತಿ. ಹಳೆಯ ಸೈಕಲ್ಲಿನ ಕೊಳವೆಗಳನ್ನು ಕರಗಿಸಿ ಒಂದು ಮಾಡಿರುವುದಿಲ್ಲ. ಉಕ್ಕಿನ ಕೂಡುಗುಳಿಗಳಲ್ಲಿ ಕೊಳವೆಯ ತುದಿಯನ್ನಿಟ್ಟು, ನಡುವಣ ಸಂದಿನಲ್ಲಿ ಹಿತ್ತಾಳೆಯನ್ನು ಹರಿಸಿರುತ್ತಾರೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಈ ಹಿತ್ತಾಳೆಗೆ ಸುಮಾರು 900 ಡಿಗ್ರಿ ಸಾಕು. ಇಷ್ಟು ಕಾವನ್ನು ಇದ್ದಿಲಿನ ಒಲೆಯೂ ತಿದಿಯೂ ಕೊಡಬಲ್ಲವು. ಬಿಳಿಗಾರವನ್ನು ಹಾಕಿ ಬೆಸೆಯುವ ವಿದ್ಯೆ ನಮ್ಮ ಅಕ್ಕಸಾಲೆಗೂ ಕಂಚುಗಾರನಿಗೂ ಹೊಸದಾಗಿರಲಿಲ್ಲ. ಬೇರೆ ದೇಶದಿಂದ ಬಂದ ಯಂತ್ರವೊಂದು ಈ ನೆಲದ ಹಳೆಯ ಕಸುಬಿನ ಕೈಗೆ ನಿಲುಕುವಂತಿತ್ತೆಂಬುದು ಇಲ್ಲಿ ಗಮನಾರ್ಹ.

3

ಈ ಮೂರು ತಾಲೂಕುಗಳು ಇಂದು ಉಡುಪಿ ಜಿಲ್ಲೆಗೆ ಸೇರಿವೆ; ಆ ಜಿಲ್ಲೆ ರಚಿತವಾದುದು 1997ರಲ್ಲಿ. 1956ರ ನವೆಂಬರ್ 1ರವರೆಗೆ ಇವು ಮದರಾಸಿನ ಆಡಳಿತಕ್ಕೊಳಪಟ್ಟ ದಕ್ಷಿಣ ಕನ್ನಡದ ಉತ್ತರದ ತುದಿಯಾಗಿದ್ದುವು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಅಲ್ಲಿಂದ ಉತ್ತರಕ್ಕೆ ಸುವರ್ಣಾ, ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ ನದಿಗಳು ಒಂದರ ಹಿಂದೊಂದಾಗಿ ಅಡ್ಡ ಹರಿಯುತ್ತವೆ. ಸೇತುವೆಗಳಾಗುವ ಮೊದಲು ಪ್ರಯಾಣಿಕರು ಹೊಳೆಯಂಚಿನಲ್ಲಿ ಬಸ್ಸಿನಿಂದಿಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸನ್ನು ಹಿಡಿಯಬೇಕಾಗಿತ್ತು. ಮಳೆಗಾಲದಲ್ಲಿ ಸಮುದ್ರದ ದಾರಿ ಮುಚ್ಚುತ್ತಿತ್ತು. ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದುದು 1998ರಲ್ಲಿ. ಇಂಥ ಸೀಮೆಯಲ್ಲಿ ಒಂದು ಕೋನು ಸವೆದರೆ, ಒಂದು ಎಕ್ಸೆಲು ಮುರಿದರೆ, ಹೊಸದು ಬರುವವರೆಗೆ ಕಾಯುವುದಕ್ಕಿಂತ ಇದ್ದುದರಲ್ಲಿ ಹೊಂದಿಸುವುದೇ ವಿವೇಕವಾಗಿತ್ತು. ಮುರಿದ ಸೈಕಲ್ಲನ್ನು ಎಸೆಯದೆ ಇರಿಸಿಕೊಳ್ಳುವ ಮನೆಯ ರೂಢಿಗೆ ಭೂಗೋಳದ ಈ ಒತ್ತಾಯವೂ ಒಂದು ಕಾರಣ.

ಎರಡನೆಯ ಮಹಾಯುದ್ಧವು ಈ ಒತ್ತಾಯವನ್ನು ಬಿಗಿಗೊಳಿಸಿತು. ಇಂಗ್ಲೆಂಡಿನ ಕಾರ್ಖಾನೆಗಳು ಯುದ್ಧಸಾಮಗ್ರಿಯ ಕಡೆಗೆ ತಿರುಗಿದುವು. 1942ರಲ್ಲಿ ಮಲಯವು ಜಪಾನೀಯರ ವಶವಾದುದರಿಂದ ರಬ್ಬರಿಗೆ ಅಭಾವ ಉಂಟಾಯಿತು. ಸ್ವಾತಂತ್ರ್ಯಾನಂತರ ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ (1949), ಸೋನೆಪತ್ತಿನಲ್ಲಿ ಅಟ್ಲಾಸ್ (1951), ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ, ಲುಧಿಯಾನದಲ್ಲಿ ಹೀರೋ (1956) ತಲೆಯೆತ್ತಿದುವು. ಹೀರೋ ಸಂಸ್ಥೆಯ ಮುಂಜಾಲ್ ಸಹೋದರರು ಮೊದಲು ಬಿಡಿಭಾಗಗಳ ವ್ಯಾಪಾರಿಗಳಾಗಿದ್ದು ಅನಂತರ ಪೂರ್ಣ ಸೈಕಲ್ಲಿಗೆ ಕೈಹಾಕಿದವರು.

ದೇಶದ ಕಾರ್ಖಾನೆಗಳ ಉತ್ಪಾದನೆಯು 1950-51ರಲ್ಲಿ ಸುಮಾರು 1 ಲಕ್ಷವಿದ್ದುದು 1960-61ರಲ್ಲಿ 10 ಲಕ್ಷವನ್ನು ಮೀರಿತು. ಈ ಅಂಕಿಗಳನ್ನು ಉಪಯೋಗಿಸುವ ವಿದ್ಯಾರ್ಥಿಯು ಎಚ್ಚರವಾಗಿರಬೇಕು. ಇವು ಪೂರ್ಣವಾಗಿ ತಯಾರಾಗಿ ದೊಡ್ಡ ಕಾರ್ಖಾನೆಗಳಿಂದ ಹೊರಬಿದ್ದ ಸೈಕಲ್ಲುಗಳ ಲೆಕ್ಕ. ಹಳೆಯ ಚೌಕಟ್ಟು, ಇನ್ನೊಂದರ ಹ್ಯಾಂಡಲು, ಹೊಸ ಹಿಂಗಾಲಿಗಳನ್ನು ಸೇರಿಸಿ ಯಾರೋ ಒಬ್ಬರು ತಮ್ಮ ಜಗಲಿಯಲ್ಲಿ ಕಟ್ಟಿದ ಸೈಕಲ್ಲು ಯಾವ ಪಟ್ಟಿಯಲ್ಲಿಯೂ ಹುಟ್ಟುವುದಿಲ್ಲ, ಯಾವ ಪಟ್ಟಿಯಲ್ಲಿಯೂ ಸಾಯುವುದಿಲ್ಲ.

4

ಈಗ ಕಟ್ಟುವ ಕ್ರಮವನ್ನು ನೋಡೋಣ. ಇದರಲ್ಲಿ ಮೂರು ನೆಲೆಗಳಿದ್ದುವು. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು, ಬಾಲ್ಸು ಕೋನುಗಳನ್ನು ಗ್ರೀಸಿನಲ್ಲಿ ಕೂರಿಸುವುದು, ಬ್ರೇಕಿನ ಕಟ್ಟೆಯನ್ನು ಬದಲಿಸುವುದು, ಪಂಕ್ಚರಿಗೆ ತೇಪೆ ಹಾಕುವುದು, ಹರಿದ ಟಯರಿನ ಒಳಕ್ಕೆ ಇನ್ನೊಂದು ಟಯರಿನ ತುಂಡನ್ನು ಇಡುವುದು, ಇವು ಮನೆಯ ಕೆಲಸ. ಕಡ್ಡಿಗಳನ್ನು ಹೆಣೆದು ಗಾಲಿಯ ಬೆಂಡು ತೆಗೆಯುವುದು ಶಾಪಿನ ಕೆಲಸ. 72 ಕಡ್ಡಿಗಳ ಬಿಗಿಯನ್ನು ಸರಿದೂಗಿಸುವ ಕೈ ಅಭ್ಯಾಸದಿಂದಲ್ಲದೆ ಬಾರದು. ಕೊಳವೆಯನ್ನು ಕತ್ತರಿಸಿ ಬೆಸೆಯುವುದು ಕುಲುಮೆಯ ಕೆಲಸ; ಮುಂದೆ ಅದು ಗ್ಯಾಸ್ ವೆಲ್ಡಿಂಗಿನವರ ಪಾಲಾಯಿತು. ‘ಓವರ್‌ಹಾಲ್’ ಎಂಬ ಇಂಗ್ಲಿಷ್ ಮಾತು ಜನರ ಬಾಯಲ್ಲಿ ‘ಓವರಾಯಿಲ್’ ಆದುದನ್ನು ಕೇಳಿ ನಕ್ಕುಬಿಡಲಾಗದು. ಎಣ್ಣೆಯೇ ಆ ಕೆಲಸದ ತಿರುಳೆಂದು ಕಂಡವರು ಮಾತನ್ನು ತಮ್ಮ ಅನುಭವಕ್ಕೆ ಹೊಂದಿಸಿಕೊಂಡರು.

ಮಾರ್ಪಾಟುಗಳಿಗೆ ಈ ಸೀಮೆಯ ಜೀವನವೇ ಪ್ರೇರಣೆ. ಮೀನಿನ ಪೆಟ್ಟಿಗೆಯನ್ನು ಹಿಂದೆ ಹೇರಿದಾಗ ಭಾರವು ಹಿಂಗಾಲಿಯ ಮೇಲೆ ಬೀಳುತ್ತದೆ. ಕಾರ್ಖಾನೆಯ ಕ್ಯಾರಿಯರು ಅದನ್ನು ತಾಳದು. ಆದುದರಿಂದ ಎಕ್ಸೆಲಿನ ತುದಿಗೆ ಊರಿದ ದಪ್ಪ ಸರಳುಗಳ ಮೇಲೆ ಅಗಲವಾದ ಕ್ಯಾರಿಯರನ್ನು ಮಾಡಿಸಬೇಕಾಗುತ್ತದೆ, ಎರಡು ಕಾಲಿನ ಬಲವಾದ ಸ್ಟ್ಯಾಂಡನ್ನು ಹಾಕಿಸಬೇಕಾಗುತ್ತದೆ. ಪೆಟ್ಟಿಗೆಯಿಂದ ತೊಟ್ಟಿಕ್ಕುವ ಉಪ್ಪುನೀರು ರಿಮ್ಮನ್ನೂ ಚೈನನ್ನೂ ತಿನ್ನುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವಲ್ಲಿ ಗದ್ದೆಯಂಚಿನ ಕೆಸರು ಮಡ್‌ಗಾರ್ಡಿನಲ್ಲಿ ಕಟ್ಟಿಕೊಂಡು ಗಾಲಿ ತಿರುಗದಾಗುವುದರಿಂದ ಮಡ್‌ಗಾರ್ಡನ್ನು ಮೇಲಕ್ಕೆತ್ತಿ ಕಟ್ಟುವುದೂ, ಮಳೆಗಾಲಕ್ಕೆ ಕಳಚಿಡುವುದೂ ಉಂಟು.

ಸ್ತ್ರೀಯರಿಗಾಗಿ ಮಾಡಿದ ಮಾರ್ಪಾಟು ಇನ್ನೂ ಕಠಿಣವಾದುದು. ಮೇಲಣ ಅಡ್ಡಕೊಳವೆಯಿದ್ದರೆ ಸೀರೆಯುಟ್ಟವರು ಸೈಕಲ್ಲನ್ನು ಏರಲಾರರು. ಅದನ್ನು ಸುಮ್ಮನೆ ಕತ್ತರಿಸಿದರೆ ಚೌಕಟ್ಟಿನ ಬಲವೇ ಹೋಗುತ್ತದೆ, ಏಕೆಂದರೆ ಆ ಬಲವೆಲ್ಲ ಮೂರು ಕೊಳವೆಗಳು ಕೂಡಿದ ಆಕಾರದಲ್ಲಿದೆ. ಕತ್ತರಿಸಿದ ಕೊಳವೆಯನ್ನು ಕೆಳಗಣ ಕೊಳವೆಗೆ ಸಮಾನಾಂತರವಾಗಿ ಮತ್ತೆ ಬೆಸೆದರೆ ಮಾತ್ರ ಅದು ನಿಂತೀತು. ಇಂಥ ಚೌಕಟ್ಟೊಂದು ಸಿಕ್ಕಿದರೆ, ಆ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಸೈಕಲ್ಲು ಹತ್ತಬೇಕೆಂದು ಯಾರೋ ನಿಶ್ಚಯಿಸಿ, ಅದಕ್ಕಾಗಿ ದುಡ್ಡು ವೆಚ್ಚ ಮಾಡಿದರೆಂಬುದಕ್ಕೆ ಅದೇ ಲಿಖಿತವಲ್ಲದ ಶಾಸನವಾಗುತ್ತದೆ.

5

ಹಳೆಯ ಸೈಕಲ್ಲನ್ನು ಓದುವ ಬಗೆಯನ್ನು ವಿದ್ಯಾರ್ಥಿಗಳಿಗಾಗಿ ಸಂಕ್ಷೇಪವಾಗಿ ಸೂಚಿಸುತ್ತೇವೆ. ಮೊದಲು ಚೌಕಟ್ಟಿನ ಮುಂಭಾಗದ ಬಿಲ್ಲೆಯನ್ನು ನೋಡಬೇಕು, ಆದರೆ ಅದನ್ನೇ ನಂಬಬಾರದು. ಬಿಲ್ಲೆಯನ್ನು ಕಳಚಿ ಬೇರೆ ಚೌಕಟ್ಟಿಗೆ ಹಚ್ಚುವುದು ಸುಲಭ. ಪೆಡಲಿನ ದೊಡ್ಡ ಹಲ್ಲುಗಾಲಿಯು ಹೆಚ್ಚು ವಿಶ್ವಾಸಾರ್ಹ. ರ‍್ಯಾಲಿಯ ಹಲ್ಲುಗಾಲಿಯಲ್ಲಿ ಕೊಕ್ಕರೆಯ ತಲೆಗಳನ್ನು ಕೊರೆದಿರುತ್ತಾರೆ. ಗೇರುಳ್ಳ ಸ್ಟರ್ಮಿ-ಆರ್ಚರ್ ಹಬ್ಬು ದೊರೆತರೆ ಅದರ ಮೇಲೆ ತಯಾರಿಕೆಯ ವರ್ಷವೇ ಒತ್ತಿರುವುದುಂಟು. ಸ್ಥಳೀಯ ಸಂಸ್ಥೆಗಳು ಹಿಂದೆ ಸೈಕಲ್ಲಿಗೆ ತೆರಿಗೆ ವಿಧಿಸಿ ಕೊಡುತ್ತಿದ್ದ ಲೋಹದ ಬಿಲ್ಲೆ ಉಳಿದಿದ್ದರೆ, ಅದು ಸೈಕಲ್ಲು ಓಡಿದ ಕಾಲವನ್ನು ಹೇಳುತ್ತದೆ, ಹುಟ್ಟಿದ ಕಾಲವನ್ನಲ್ಲ. ಬಣ್ಣದ ಪದರಗಳನ್ನು, ಹಿತ್ತಾಳೆ ಬೆಸುಗೆಯೋ ಗ್ಯಾಸ್ ಬೆಸುಗೆಯೋ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಮುಂಭಾಗಕ್ಕಿಂತ ಹಿಂಭಾಗವು ಬಹಳ ಎಳೆಯದಾಗಿದ್ದರೆ ಆ ಸೈಕಲ್ಲು ಭಾರ ಹೊತ್ತುದೆಂದು ಊಹಿಸಲು ಅವಕಾಶವಿದೆ. ಊಹೆಯನ್ನು ಮನೆಯವರ ಮಾತಿನೊಡನೆ ತಾಳೆ ನೋಡಿದಲ್ಲದೆ ನಿರ್ಣಯವೆನ್ನಬಾರದು.

6

ಇಲ್ಲೊಂದು ಆಕ್ಷೇಪವೇಳಬಹುದು. ಇದೆಲ್ಲ ಬಡತನದ ಫಲವಷ್ಟೆ, ಇದರಲ್ಲಿ ಚರಿತ್ರೆಯೇನಿದೆ ಎಂದು. ಬಡತನವಿದ್ದುದು ನಿಜ. ಹೊಸ ಸೈಕಲ್ಲು ಕೊಳ್ಳಲಾರದವನೇ ಹಳೆಯದನ್ನು ಕಟ್ಟಿಕೊಂಡನು. ಕೆಟ್ಟ ಬೆಸುಗೆಯ ಫೋರ್ಕು ಇಳುಕಲಿನಲ್ಲಿ ಮುರಿದು ಬಿದ್ದವರೂ ಇದ್ದಾರೆ. ಈ ಕಸುಬನ್ನು ನಾವು ವೈಭವೀಕರಿಸಬೇಕಾಗಿಲ್ಲ. ಆದರೆ ಏಕೆ ಕಟ್ಟಿದನೆಂಬುದಕ್ಕೆ ಬಡತನವು ಉತ್ತರವಾದರೂ ಹೇಗೆ ಕಟ್ಟಿದನೆಂಬುದಕ್ಕೆ ಆಗಲಾರದು. ಡೇವಿಡ್ ಎಡ್ಜರ್‌ಟನ್ನರು 2006ರ ತಮ್ಮ ಗ್ರಂಥದಲ್ಲಿ ಯಂತ್ರಗಳ ಚರಿತ್ರೆಯನ್ನು ಆವಿಷ್ಕಾರದ ಕಡೆಯಿಂದ ಬರೆಯದೆ ಬಳಕೆ ಮತ್ತು ದುರಸ್ತಿಯ ಕಡೆಯಿಂದ ಬರೆಯಬೇಕೆಂದು ವಾದಿಸಿದರು. ಡೇವಿಡ್ ಆರ್ನಾಲ್ಡರು 2013ರಲ್ಲಿ ಭಾರತದ ಸೈಕಲ್ಲು, ಹೊಲಿಗೆಯಂತ್ರ, ಬೆರಳಚ್ಚು ಯಂತ್ರ, ಅಕ್ಕಿಗಿರಣಿಗಳ ಬಗೆಗೆ ಅಂಥ ಚರಿತ್ರೆಯನ್ನು ಬರೆದು ತೋರಿಸಿದರು. ಅವರ ಕ್ಷೇತ್ರವು ಇಡೀ ದೇಶ. ಒಂದು ತಾಲೂಕಿನ ಮಟ್ಟಕ್ಕಿಳಿದು ನೋಡುವ ಕೆಲಸವು ಆ ತಾಲೂಕಿನವರದೇ ಆಗಬೇಕು.

ಅದಕ್ಕೆ ಉಳಿದಿರುವ ಕಾಲ ದೀರ್ಘವಲ್ಲ. 2006-07ರಲ್ಲಿ ಕರ್ನಾಟಕ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲಾರಂಭಿಸಿದುದರಿಂದ ಊರಿಗೆ ಹೊಸ ಬಿಡಿಭಾಗಗಳ ಪೀಳಿಗೆಯೊಂದು ಬಂದಿತು. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆಯು 2020ರಲ್ಲಿ ನಿಂತುಹೋಯಿತು. ಕಾರ್ಖಾನೆ ಮುಚ್ಚಿದ ಮೇಲೂ ಅದರ ಬಿಡಿಭಾಗಗಳು ಬೇರೆ ಚೌಕಟ್ಟುಗಳಲ್ಲಿ ಓಡಬಲ್ಲವು. ಗುಜರಿಯ ಕುಲುಮೆಗೆ ಬಿದ್ದ ಮೇಲೆ ಓಡಲಾರವು. ಅಲ್ಲಿ ತೂಕದ ಹೊರತು ಬೇರೇನನ್ನೂ ಕೇಳುವವರಿಲ್ಲ.

ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಮನೆಯ ಒಂದೊಂದು ಹಳೆಯ ಸೈಕಲ್ಲನ್ನು ಆರಿಸಿಕೊಂಡು, ಅದರ ಪ್ರತಿಯೊಂದು ಭಾಗವನ್ನೂ ಮೇಲೆ ಹೇಳಿದಂತೆ ಪಟ್ಟಿ ಮಾಡಿ, ಕಟ್ಟಿದವರ ಮಾತನ್ನು ಬರೆದುಕೊಂಡರೆ, ಒಂದೇ ಬೇಸಗೆ ರಜೆಯಲ್ಲಿ ನೂರು ದಾಖಲೆಗಳಾದರೂ ಕೂಡಿಯಾವು. ಬಾರಕೂರಿನ ಶಾಸನಗಳಲ್ಲಿ ಅರಸರ ಮತ್ತು ದಾನಿಗಳ ಹೆಸರುಗಳಿವೆ. ಕಲ್ಲು ಕಡಿದವರ ಹೆಸರು ಬಹುಮಟ್ಟಿಗೆ ಅಳಿದುಹೋಗಿದೆ. ಸೈಕಲ್ಲು ಕಟ್ಟಿದವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ಅವರನ್ನು ಕೇಳಬಹುದಾದ ಅವಕಾಶವಿರುವಾಗಲೇ ಕೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.