ಕೆನೆಯ ಕೆಳಗಿನ ಕಾಫಿ

ಕಾಫಿ ಮತ್ತು ಮದ್ಯ ಎಂಬ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಲು ನಾವು ಕನ್ನಡಿಗರು ಹಿಂಜರಿಯುತ್ತೇವೆ. ಕಾಫಿ ಅಡಿಗೆಮನೆಯದು, ಬಂದ ನೆಂಟರಿಗೆ ಮೊದಲು ಕೊಡುವಂಥದು. ಇನ್ನೊಂದರ ಪ್ರಸ್ತಾಪವೇ ಹಲವು ಮನೆಗಳಲ್ಲಿ ಹಿರಿಯರ ಮುಂದೆ ಬಾರದು. ಆದರೂ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ, ಬೆಳೆದ ಮಕ್ಕಳು ಇವೆರಡನ್ನೂ ಬೆರೆಸಿದ ಪಾನೀಯ ತಯಾರಿಸುವುದು ಈಗ ಉಂಟು. ಮುಖ ಸಿಂಡರಿಸುವ ಮೊದಲು ಇದರ ಇತಿಹಾಸವನ್ನು ತುಸು ನೋಡೋಣ.

ಇವೆರಡರ ನಂಟು ಹೆಸರಿನಿಂದಲೇ ಆರಂಭ. ಕಾಫಿ ಎಂಬುದಕ್ಕೆ ಮೂಲವಾದ 'ಕಹ್ವಾ' ಎಂಬ ಅರಬ್ಬಿ ಶಬ್ದ ಹಿಂದೆ ದ್ರಾಕ್ಷಾಮದ್ಯಕ್ಕೂ ಸಲ್ಲುತ್ತಿತ್ತು. 15ನೆಯ ಶತಮಾನದಲ್ಲಿ ಯೆಮೆನ್ನಿನ ಸೂಫಿಗಳು ರಾತ್ರಿಯ ಧ್ಯಾನದಲ್ಲಿ ಎಚ್ಚರವಾಗಿರಲು ಕಾಫಿ ಕುಡಿದರು. ಆದರೂ ಶಂಕೆ ತಪ್ಪಲಿಲ್ಲ; 1511ರಲ್ಲಿ ಮೆಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನೇ ನಿಷೇಧಿಸಿದ. ಆ ನಿಷೇಧ ಬಹುಕಾಲ ನಿಲ್ಲಲಿಲ್ಲ. ಅರಬ್ಬರ ನಾಡಿನಿಂದಲೇ 17ನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಯನ್ನು ನಾವೆಲ್ಲ ಕೇಳಿದ್ದೇವೆ. ನಾವು ಸಾತ್ವಿಕವೆಂದೆಣಿಸುವ ಕಾಫಿಯೂ ಒಮ್ಮೆ ಅಪವಾದ ಹೊತ್ತದ್ದೇ.

ಮುಂದೆ ಯುರೋಪಿನ ಚಳಿನಾಡುಗಳಲ್ಲಿ ಕಾಫಿಯೂ ಮದ್ಯವೂ ಒಂದೇ ಲೋಟದಲ್ಲಿ ಕೂಡಿದವು. ಉತ್ತರ ಜರ್ಮನಿಯ ನೋರ್ಡ್‌ಸ್ಟ್ರಾಂಡಿನಲ್ಲಿ 1872ರಲ್ಲಿ ನಡೆಯಿತೆನ್ನುವ ಪ್ರಸಂಗ ಸ್ವಾರಸ್ಯವಾಗಿದೆ. ಮಗುವಿನ ದೀಕ್ಷಾಸ್ನಾನದ ಔತಣಕ್ಕೆ ಮದ್ಯವಿರೋಧಿ ಪಾದ್ರಿಗಳು ಬಂದಿದ್ದರು. ಊರವರು ಬಿಸಿ ಕಾಫಿಗೆ ರಮ್ ಬೆರೆಸಿ, ವಾಸನೆ ಏಳದಂತೆ ಮೇಲೆ ಕಡೆದ ಕೆನೆ ಮುಚ್ಚಿದರು. ಪಾದ್ರಿಗಳಿಗೆ ಮಾತ್ರ ಬರಿಯ ಕಾಫಿ! ಗುಟ್ಟು ರಟ್ಟಾದಾಗ ಅವರು 'ಫರಿಸಾಯರು' ಎಂದು ಗದರಿದರಂತೆ. ಕ್ರೈಸ್ತರ ರೂಢಿಯಲ್ಲಿ ಅದು ಕಪಟಿಗಳಿಗೆ ಅನ್ನುವ ಮಾತು. ಆ ಬೈಗುಳವೇ ಪಾನೀಯದ ಹೆಸರಾಯಿತು.

ಅದೇ ಕೆನೆ ಐರ್ಲೆಂಡಿನಲ್ಲಿ ಬೇರೆ ಅರ್ಥ ಪಡೆಯಿತು. ಶ್ಯಾನನ್ ನದಿಯ ಅಳಿವೆಯ ಫಾಯ್ನ್ಸ್ ಎಂಬಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ನಿಲ್ದಾಣವಿತ್ತು. 1943ರ ಚಳಿಗಾಲದಲ್ಲಿ, ಅಮೆರಿಕಕ್ಕೆ ಹೊರಟ ವಿಮಾನವೊಂದು ಕೆಟ್ಟ ಹವೆಯಿಂದಾಗಿ ಹಿಂದಿರುಗಿತಂತೆ. ನಡುಗುತ್ತಿದ್ದ ಪ್ರಯಾಣಿಕರಿಗೆ ಅಲ್ಲಿನ ಬಾಣಸಿಗ ಜೋ ಶೆರಿಡನ್ ಕಾಫಿಗೆ ವಿಸ್ಕಿ ಬೆರೆಸಿ ಕೆನೆ ತೇಲಿಸಿ ಕೊಟ್ಟ. ಇಲ್ಲಿ ಕೆನೆ ಏನನ್ನೂ ಮರೆಮಾಡಲಿಲ್ಲ; ದಣಿದವರನ್ನು ಆದರಿಸಿತು. 1952ರಲ್ಲಿ ಪತ್ರಕರ್ತ ಸ್ಟಾಂಟನ್ ಡೆಲಾಪ್ಲೇನ್ ಮೂಲಕ ಇದು ಸ್ಯಾನ್ ಫ್ರಾನ್ಸಿಸ್ಕೋದ ಬ್ಯುನಾ ವಿಸ್ಟಾಗೆ ತಲುಪಿತು. ಶೆರಿಡನ್ನನೂ ತಾಯ್ನಾಡು ಬಿಟ್ಟು ಅಲ್ಲಿಗೇ ಕೆಲಸಕ್ಕೆ ಹೋದ. ಕೈರುಚಿಯನ್ನೇ ನಂಬಿ ಊರು ಬಿಟ್ಟು ಬಂದ ಉಡುಪಿಯ ಅಡಿಗೆಯವರನ್ನು ಕಂಡ ನಮಗೆ ಈ ಕಥೆ ಹೊಸತಲ್ಲ.

ಬ್ಯುನಾ ವಿಸ್ಟಾದಲ್ಲಿ ಮೊದಮೊದಲು ಕೆನೆ ಮುಳುಗುತ್ತಿತ್ತು. ಮನೆಯಲ್ಲಿ ಮಾಡುವವರಿಗೂ ಎದುರಾಗುವ ತೊಡಕು ಇದೇ. ಫಿಲ್ಟರಿನ ಡಿಕಾಕ್ಷನ್‌ಗೆ ಬಿಸಿನೀರು ಸೇರಿಸಿ 120 ಮಿಲಿಲೀಟರ್ ಕಾಫಿ ಮಾಡಬೇಕು, ಹಾಲು ಬೇಡ. ಅದರಲ್ಲಿ ಒಂದೆರಡು ಚಮಚ ಸಕ್ಕರೆ ಕರಗಿಸಿ 50 ಮಿಲಿಲೀಟರ್ ವಿಸ್ಕಿ ಸೇರಿಸುವುದು. ವಿಸ್ಕಿಯಿಂದ ಹಗುರಾಗುವ ಕಾಫಿಗೆ ಸಕ್ಕರೆಯೇ ಮತ್ತೆ ತೂಕ ಕೊಡುವುದು. ಆದುದರಿಂದ ಅದನ್ನು ಬಿಡಬಾರದು. ಕಾದ ಹಾಲಿನ ಮೇಲೆ ಕಟ್ಟುವ ಕೆನೆ ಇದಕ್ಕೆ ಒದಗದು. ಅಂಗಡಿಯ ತಣ್ಣನೆಯ ಕ್ರೀಮನ್ನು ಗಟ್ಟಿಯಾಗದಂತೆ ತುಸುವೇ ಕಡೆದು, ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಇಳಿಸಿದರೆ ತೇಲುತ್ತದೆ. ಕಲಕದೆ, ತಣ್ಣನೆಯ ಕೆನೆಯ ಮೂಲಕ ಬಿಸಿ ಕಾಫಿಯನ್ನು ಹೀರುವುದೇ ಕ್ರಮ. ವಿಸ್ಕಿ ಬೇಡವಾದವರಿಗೆ ಅದನ್ನು ಬಿಟ್ಟೇ ಮಾಡಬಹುದು. ಕೆನೆ ಇನ್ನೂ ಸುಲಭವಾಗಿ ತೇಲುತ್ತದೆ.

ಕಾಫಿ ನಿದ್ದೆಯನ್ನು ತಡೆದೀತು, ಅಮಲನ್ನು ಇಳಿಸದು. ಆದ್ದರಿಂದ ಕುಡಿದವರು ವಾಹನ ನಡೆಸಬಾರದು. ಕುಡಿಯುವುದೋ ಬಿಡುವುದೋ ಅವರವರಿಗೆ ಬಿಟ್ಟದ್ದು. ಆದರೆ ಎರಡು ಬಗೆಯ ಲೋಟಗಳೂ ಕೆನೆ ಹೊತ್ತು ಒಂದೇ ತಟ್ಟೆಯಲ್ಲಿ ಬಂದಾಗ, ಯಾವುದರಲ್ಲಿ ಏನಿದೆಯೆಂದು ಬಂದವರಿಗೆ ಮೊದಲೇ ಹೇಳಬೇಕು. ನೋರ್ಡ್‌ಸ್ಟ್ರಾಂಡಿನ ಕೆನೆಗೂ ಫಾಯ್ನ್ಸಿನ ಕೆನೆಗೂ ಇರುವ ಅಂತರ ಅಷ್ಟೇ. ನಮ್ಮ ಮನೆಗಳ ಆತಿಥ್ಯಕ್ಕೆ ಫಾಯ್ನ್ಸಿನದೇ ಒಪ್ಪುವಂಥದು.